ಶಾಸನಶಿಲೆಗಳ ಹವ್ಯಾಸಿ ದಾಖಲೀಕರಣ

ಶಾಸನಶಿಲೆಗಳ ಹವ್ಯಾಸಿ ದಾಖಲೀಕರಣವು ಹೊಲ, ಕೆರೆಯ ಏರಿ, ದೇವಾಲಯದ ಅಂಗಳ ಮತ್ತು ಬೀದಿಬದಿಗಳಲ್ಲಿ ಉಳಿದಿರುವ ಶಾಸನ, ವೀರಗಲ್ಲು, ಮಾಸ್ತಿಗಲ್ಲು ಮೊದಲಾದ ಹಳೆಯ ಕಲ್ಲುಗಳನ್ನು ಪತ್ತೆಹಚ್ಚಿ, ಅವುಗಳ ನೆಲೆ, ಸ್ವರೂಪ ಹಾಗೂ ಸ್ಥಿತಿಯನ್ನು ಕ್ರಮಬದ್ಧವಾಗಿ ಬರೆದಿಡುವ ಹವ್ಯಾಸವಾಗಿದೆ. ಕಲ್ಲುಗಳನ್ನು ಸಂಗ್ರಹಿಸುವುದು ಇದರ ಉದ್ದೇಶವಲ್ಲ. ಅವು ಇರುವ ಜಾಗದಲ್ಲಿಯೇ ಗುರುತಿಸಿ, ಮುಂದೆ ಬರುವವರು ಮತ್ತೆ ಕಂಡುಕೊಳ್ಳುವಂತೆ ಮಾಡುವುದು ಉದ್ದೇಶ. ವೃತ್ತಿಯಿಂದ ಶಾಸನತಜ್ಞರಲ್ಲದವರೂ ಇದರಲ್ಲಿ ತೊಡಗುತ್ತಾರೆ. ಬೆಂಗಳೂರು ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ ನಗರವು ವೇಗವಾಗಿ ಬೆಳೆದಿರುವುದರಿಂದ ಅಲ್ಲಿ ಈ ಕೆಲಸಕ್ಕೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಮೈಸೂರು ಸಂಸ್ಥಾನದ ಶಾಸನಗಳ ವ್ಯವಸ್ಥಿತ ಸಂಗ್ರಹ ಕಾರ್ಯವನ್ನು ಬಿ. ಎಲ್. ರೈಸ್ (1837–1927) ಕೈಗೊಂಡರು. ಬೆಂಗಳೂರಿನಲ್ಲಿಯೇ ಜನಿಸಿದ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಮೊದಲ ಸಂಪುಟವು 1886ರಲ್ಲಿ ಕೊಡಗಿನ ಶಾಸನಗಳೊಂದಿಗೆ ಪ್ರಕಟವಾಯಿತು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡ ಒಂಬತ್ತನೆಯ ಸಂಪುಟವು 1905ರಲ್ಲಿ ಹೊರಬಂದಿತು. ರೈಸ್ ಅವರ ನಂತರ ಆರ್. ನರಸಿಂಹಾಚಾರ್ ಮತ್ತು ಎಂ. ಎಚ್. ಕೃಷ್ಣ ಮೊದಲಾದವರು ಈ ಕಾರ್ಯವನ್ನು ಮುಂದುವರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಈ ಮಾಲೆಯ ಪರಿಷ್ಕೃತ ಸಂಪುಟಗಳನ್ನು ಪ್ರಕಟಿಸಿದೆ.

ಈ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಕ್ರಮಸಂಖ್ಯೆಯನ್ನು ನೀಡಲಾಗಿದೆ. ಕಲ್ಲು ಇರುವ ಜಾಗವನ್ನು ಗ್ರಾಮದ ಹೆಸರು ಮತ್ತು ದೇವಾಲಯ, ಕೆರೆ ಅಥವಾ ಹೊಲದ ಆಧಾರದ ಮೇಲೆ ಸಂಕ್ಷಿಪ್ತವಾಗಿ ಸೂಚಿಸಲಾಗಿದೆ. ಗ್ರಾಮಗಳು ಗ್ರಾಮಗಳಾಗಿಯೇ ಉಳಿದಿದ್ದ ಕಾಲದಲ್ಲಿ ಇಷ್ಟು ಸೂಚನೆ ಸಾಕಾಗುತ್ತಿತ್ತು. ಹೊಲಗಳು ಬಡಾವಣೆಗಳಾಗಿ, ಕೆರೆಗಳು ಬತ್ತಿ ಅಥವಾ ಮುಚ್ಚಿಹೋಗಿ, ಹಳೆಯ ಗುಡಿಗಳು ಮರುನಿರ್ಮಾಣಗೊಂಡ ಮೇಲೆ ಅದೇ ಸೂಚನೆಯಿಂದ ಕಲ್ಲನ್ನು ತಲುಪುವುದು ಕಷ್ಟವಾಗಿದೆ. ಹೀಗೆ ಪಠ್ಯವು ಪುಸ್ತಕದಲ್ಲಿ ಉಳಿದು, ಕಲ್ಲು ಕಣ್ಮರೆಯಾಗಿರುವ ಸಂದರ್ಭಗಳಿವೆ.

ಕಲ್ಲುಗಳ ಬಗೆಗಳು

• ವೀರಗಲ್ಲು: ಯುದ್ಧದಲ್ಲಿ, ತುರುಗೊಳ್ ಕಾಳಗದಲ್ಲಿ ಅಥವಾ ಊರಿನ ರಕ್ಷಣೆಯಲ್ಲಿ ಮಡಿದವನ ಸ್ಮಾರಕ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿಯಲ್ಲಿರುವ ವೀರನ ಚಿತ್ರಣ ಇರುತ್ತದೆ. ಬರಹವಿಲ್ಲದ ವೀರಗಲ್ಲುಗಳೂ ಇವೆ.
• ಮಾಸ್ತಿಗಲ್ಲು: ಸಹಗಮನ ಮಾಡಿದ ಸ್ತ್ರೀಯ ಸ್ಮಾರಕ. ಬಳೆ ತೊಟ್ಟು ಮೇಲೆತ್ತಿದ ಕೈ ಇದರ ಪ್ರಮುಖ ಲಕ್ಷಣ.
• ದಾನಶಾಸನ: ಭೂಮಿ, ತೆರಿಗೆ ಅಥವಾ ಕೆರೆಗೆ ಸಂಬಂಧಿಸಿದ ದತ್ತಿಯನ್ನು ತಿಳಿಸುವ ಕಲ್ಲು. ದಾನವು ಶಾಶ್ವತವೆಂಬುದರ ಸಂಕೇತವಾಗಿ ಮೇಲ್ಭಾಗದಲ್ಲಿ ಸೂರ್ಯಚಂದ್ರರನ್ನು ಕೆತ್ತುವುದುಂಟು. ಕೊನೆಯಲ್ಲಿ ದಾನಕ್ಕೆ ತಪ್ಪಿದವರಿಗೆ ಶಾಪವಾಕ್ಯವಿರುತ್ತದೆ.
• ನಿಸಿದಿ: ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಜೈನರ ಸ್ಮಾರಕ.
• ಗಡಿಕಲ್ಲು: ದಾನ ನೀಡಿದ ಭೂಮಿಯ ಎಲ್ಲೆಯನ್ನು ಸೂಚಿಸುವ ಕಲ್ಲು. ದಾನ ಪಡೆದ ದೇವಾಲಯ ಅಥವಾ ಮಠಕ್ಕೆ ತಕ್ಕಂತೆ ಲಿಂಗಮುದ್ರೆ, ವಾಮನಮುದ್ರೆ ಮುಂತಾದ ಗುರುತುಗಳಿರುತ್ತವೆ.

ಬೆಂಗಳೂರು ಪ್ರದೇಶದ ಶಾಸನಗಳು ಕನ್ನಡ, ತಮಿಳು ಮತ್ತು ತೆಲುಗು ಭಾಷೆಗಳಲ್ಲಿವೆ. ಗಂಗ, ಚೋಳ, ಹೊಯ್ಸಳ ಮತ್ತು ವಿಜಯನಗರ ಅರಸರ ಕಾಲದ ಶಾಸನಗಳು ಇವುಗಳಲ್ಲಿ ಸೇರಿವೆ.

ಹುಡುಕುವ ಕ್ರಮ

ಹವ್ಯಾಸಿಗಳು ಸಾಮಾನ್ಯವಾಗಿ ಮುದ್ರಿತ ಸಂಪುಟದಲ್ಲಿನ ಗ್ರಾಮದ ಹೆಸರಿನಿಂದ ಹುಡುಕಾಟವನ್ನು ಆರಂಭಿಸುತ್ತಾರೆ. ಶಾಸನದಲ್ಲಿರುವ ಹೆಸರು ಇಂದಿನ ಹೆಸರಿಗಿಂತ ಭಿನ್ನವಾಗಿರಬಹುದು. ಉದಾಹರಣೆಗೆ ಇಂದಿನ ಬೇಗೂರು ಗಂಗರ ಕಾಲದಲ್ಲಿ ಬೆಂಪೂರು ಆಗಿತ್ತು. ಸ್ಥಳಕ್ಕೆ ಹೋದ ಮೇಲೆ ಊರಿನ ಹಿರಿಯರು, ಅರ್ಚಕರು ಮತ್ತು ರೈತರನ್ನು ವಿಚಾರಿಸುವುದು ಮುಖ್ಯ ಹಂತ. ಸ್ಥಳೀಯರು ಕಲ್ಲನ್ನು ಶಾಸನವೆಂದು ಕರೆಯದೆ ಯಾವುದೋ ದೇವರ ಹೆಸರಿನಿಂದ ಗುರುತಿಸುತ್ತಿರಬಹುದು. ಕೆಲವು ಕಲ್ಲುಗಳು ಪೂಜೆಗೊಳ್ಳುತ್ತಿದ್ದರೆ, ಇನ್ನು ಕೆಲವು ಬಟ್ಟೆ ಒಗೆಯುವ ಕಲ್ಲಾಗಿ, ಮೆಟ್ಟಿಲಾಗಿ ಅಥವಾ ಚರಂಡಿಯ ಚಪ್ಪಡಿಯಾಗಿ ಬಳಕೆಯಲ್ಲಿರುತ್ತವೆ.

ಸವೆದ ಅಕ್ಷರಗಳನ್ನು ಓದಲು ಓರೆ ಬೆಳಕು ಸಹಾಯಕ. ಬೆಳಗಿನ ಅಥವಾ ಸಂಜೆಯ ಬಿಸಿಲಿನಲ್ಲಿ, ಇಲ್ಲವೇ ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿದಾಗ ಅಕ್ಷರದ ತಗ್ಗುಗಳಲ್ಲಿ ನೆರಳು ಬಿದ್ದು ಅವು ಸ್ಪಷ್ಟವಾಗುತ್ತವೆ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಕುಂಚದಿಂದ ತಟ್ಟಿ, ಮಸಿ ಲೇಪಿಸಿ ಪಡಿಯಚ್ಚು ತೆಗೆಯುವುದು ಶಾಸನತಜ್ಞರ ಸಾಂಪ್ರದಾಯಿಕ ವಿಧಾನ. ಇದಕ್ಕೆ ತರಬೇತಿ ಅಗತ್ಯ. ಅಕ್ಷರಗಳಿಗೆ ಬಣ್ಣ ತುಂಬುವುದು, ಗಟ್ಟಿಯಾದ ಸಾಧನದಿಂದ ಕೆರೆಯುವುದು ಹಾಗೂ ಆಮ್ಲದಿಂದ ತೊಳೆಯುವುದು ಕಲ್ಲಿಗೆ ಹಾನಿಕರ.

ದಾಖಲೆಯ ಅಂಶಗಳು

ಉಪಯುಕ್ತ ದಾಖಲೆಯು ಕನಿಷ್ಠ ಈ ಕೆಳಗಿನ ವಿವರಗಳನ್ನು ಹೊಂದಿರಬೇಕು:

• ಅಕ್ಷಾಂಶ ಮತ್ತು ರೇಖಾಂಶ, ಗ್ರಾಮ ಅಥವಾ ಬಡಾವಣೆ, ಹತ್ತಿರದ ಸ್ಥಿರ ಗುರುತು
• ಕಲ್ಲಿನ ಎತ್ತರ, ಅಗಲ, ದಪ್ಪ ಮತ್ತು ಅದು ಮುಖಮಾಡಿರುವ ದಿಕ್ಕು
• ಎಲ್ಲ ಬದಿಗಳ ಛಾಯಾಚಿತ್ರಗಳು, ಅಳತೆಪಟ್ಟಿಯೊಂದಿಗೆ
• ಪ್ರಕಟಿತ ಶಾಸನವಾದರೆ ಸಂಪುಟ ಮತ್ತು ಕ್ರಮಸಂಖ್ಯೆ
• ಸ್ಥಳೀಯ ಹೆಸರು, ಆಚರಣೆ ಮತ್ತು ಕಲ್ಲಿನ ಕುರಿತು ಊರಿನವರು ಹೇಳುವ ಕಥೆ
• ಭೇಟಿಯ ದಿನಾಂಕ ಮತ್ತು ಅಂದಿನ ಸ್ಥಿತಿ

ಹುಡುಕಿಯೂ ಸಿಗದ ಕಲ್ಲನ್ನು ದಿನಾಂಕಸಹಿತ ‘ಸಿಗಲಿಲ್ಲ’ ಎಂದು ನಮೂದಿಸುವುದು ಸಹ ದಾಖಲೆಯ ಭಾಗವೇ. ಕಲ್ಲು ಯಾವ ಅವಧಿಯಲ್ಲಿ ಕಣ್ಮರೆಯಾಯಿತು ಎಂಬುದನ್ನು ಅಂದಾಜು ಮಾಡಲು ಇದು ನೆರವಾಗುತ್ತದೆ.

ಬೆಂಗಳೂರಿನ ನಿದರ್ಶನಗಳು

ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನವು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಉಲ್ಲೇಖಿಸುತ್ತದೆ. ಹೊಯ್ಸಳ ಅರಸ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ನೀಡಿದ್ದರಿಂದ ‘ಬೆಂದಕಾಳೂರು’ ಎಂಬ ಹೆಸರು ಬಂದಿತೆಂಬ ಐತಿಹ್ಯಕ್ಕಿಂತಲೂ, ಒಂದನೆಯ ಕೆಂಪೇಗೌಡರು 16ನೆಯ ಶತಮಾನದಲ್ಲಿ ಪೇಟೆಯನ್ನು ಕಟ್ಟಿಸಿದುದಕ್ಕಿಂತಲೂ ಈ ಹೆಸರು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗ ಅರಸ ಶ್ರೀಪುರುಷನ ಕಾಲದ್ದು, ಅಂದರೆ ಎಂಟನೆಯ ಶತಮಾನಕ್ಕೆ ಸೇರಿದ್ದು. ಇದರಲ್ಲಿ ಹೆಬ್ಬಾಳದ ಪ್ರಾಚೀನ ರೂಪವಾದ ‘ಪೆರ್ಬೊೞಲ್’ ಎಂಬ ಹೆಸರಿದೆ. ಈ ಶಿಲೆಗೆ ಹೆಬ್ಬಾಳದಲ್ಲಿಯೇ ರಕ್ಷಣೆ ಒದಗಿಸಲು ನಾಗರಿಕರು ಮುಂದಾದರು. ‘ಇನ್‌ಸ್ಕ್ರಿಪ್ಷನ್ ಸ್ಟೋನ್ಸ್ ಆಫ್ ಬ್ಯಾಂಗಲೋರ್’ ಎಂಬ ನಾಗರಿಕ ಉಪಕ್ರಮವು ನಗರದ ಶಾಸನಶಿಲೆಗಳನ್ನು ಗುರುತಿಸಿ ಜನಜಾಗೃತಿ ಮೂಡಿಸುತ್ತಾ ಬಂದಿದೆ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ಡಿಜಿಟಲ್ ರೂಪದಲ್ಲಿ ಸಂರಕ್ಷಿಸುವ ಯೋಜನೆಯನ್ನು ನಡೆಸಿದೆ.

ಕಾನೂನು ಮತ್ತು ನೀತಿ

ಕೇಂದ್ರ ಸರ್ಕಾರದ 1958ರ ಹಾಗೂ ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಗಳು ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗೆ ರಕ್ಷಣೆ ನೀಡುತ್ತವೆ. ಹೊಲ ಮತ್ತು ಬೀದಿಗಳಲ್ಲಿರುವ ಬಿಡಿ ಕಲ್ಲುಗಳು ಎಷ್ಟೋ ವೇಳೆ ಇಂತಹ ಪಟ್ಟಿಗಳಲ್ಲಿ ಸೇರಿರುವುದಿಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಕಡಿಮೆಯಿಲ್ಲದ ಶಿಲ್ಪ ಮತ್ತು ಶಾಸನಗಳು ಪ್ರಾಚ್ಯವಸ್ತುಗಳಾಗಿದ್ದು, ಖಾಸಗಿ ವ್ಯಕ್ತಿಗಳು ಅವುಗಳನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಖಾಸಗಿ ಜಮೀನಿಗೆ ಪ್ರವೇಶಿಸುವ ಮುನ್ನ ಮಾಲೀಕರ ಒಪ್ಪಿಗೆ ಪಡೆಯುವುದು, ಪೂಜೆಗೊಳ್ಳುವ ಕಲ್ಲುಗಳ ವಿಷಯದಲ್ಲಿ ಊರಿನ ಕಟ್ಟುಪಾಡನ್ನು ಗೌರವಿಸುವುದು ಮತ್ತು ಸ್ವತಃ ಅಗೆಯದೆ ಪುರಾತತ್ವ ಇಲಾಖೆಗೆ ತಿಳಿಸುವುದು ಹವ್ಯಾಸಿಗಳು ಪಾಲಿಸಬೇಕಾದ ನಿಯಮಗಳು. ಶಾಸನದ ಕೆಳಗೆ ನಿಧಿಯಿದೆ ಎಂಬ ನಂಬಿಕೆಯಿಂದ ಕಲ್ಲುಗಳನ್ನು ಕೀಳುವವರೂ ಇರುವುದರಿಂದ, ನಿರ್ಜನ ಪ್ರದೇಶದ ಕಲ್ಲುಗಳ ನಿಖರ ನೆಲೆಯನ್ನು ಬಹಿರಂಗಪಡಿಸುವಾಗ ಎಚ್ಚರಿಕೆ ಅಗತ್ಯ.

ಮಹತ್ವ

ದಾನಶಾಸನವು ಹೇಳುವ ಕೆರೆ, ಗದ್ದೆ ಮತ್ತು ಎಲ್ಲೆಗಳು ಅದು ನಿಂತಿರುವ ನೆಲಕ್ಕೆ ಸಂಬಂಧಿಸಿದವು. ಆದುದರಿಂದ ನೆಲೆಯ ವಿವರವಿಲ್ಲದೆ ಬೇರೆಡೆಗೆ ಸಾಗಿಸಿದ ಕಲ್ಲು ಅಕ್ಷರಗಳನ್ನು ಉಳಿಸಿಕೊಂಡರೂ ಸಾಕ್ಷ್ಯದ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಬರಹವಿಲ್ಲದ ವೀರಗಲ್ಲುಗಳು ಶಾಸನ ಸಂಪುಟಗಳಲ್ಲಿ ಸೇರದಿರುವ ಸಾಧ್ಯತೆ ಹೆಚ್ಚಾದ್ದರಿಂದ, ಅವುಗಳ ವಿಷಯದಲ್ಲಿ ಹವ್ಯಾಸಿಯೊಬ್ಬರ ಟಿಪ್ಪಣಿ ಮತ್ತು ಛಾಯಾಚಿತ್ರಗಳೇ ಏಕೈಕ ದಾಖಲೆಯಾಗಿ ಉಳಿಯಬಹುದು. ಪಠ್ಯದ ಓದು ಮತ್ತು ಕಾಲನಿರ್ಣಯಕ್ಕೆ ಮಾತ್ರ ಲಿಪಿತಜ್ಞರ ಪರಿಶೀಲನೆ ಅವಶ್ಯಕ.