ಅಮ್ಮಾನ್‌ವರೆಗಿನ ದಾರಿ: 1990ರ ಕುವೈತ್ ನೆನಪುಗಳು

1990ರ ಆಗಸ್ಟ್ 2 ಗುರುವಾರ. ಹಿಜರಿ 1411ರ ಮುಹರ್ರಮ್ ತಿಂಗಳು, ಆಶೂರಾದ ಆಸುಪಾಸು. ಇರಾಕಿನ ಸೇನೆ ಕುವೈತಿನೊಳಗೆ ನುಗ್ಗಿದ ಆ ನಸುಕಿನಲ್ಲಿ ನಾವು ಮೂವರು ಒಡಹುಟ್ಟಿದವರು ಸಾಲ್ಮಿಯಾದ ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ ಮಲಗಿದ್ದೆವು. ದೊಡ್ಡವನಿಗೆ 11 ವರ್ಷ, ನಡುವಿನವಳಿಗೆ 9, ಕಿರಿಯವನಿಗೆ 5.

ನಮ್ಮ ಕರಾವಳಿಯ ಮನೆಗಳಿಗೆ ಈ ಕಥೆ ಹೊಸದಲ್ಲ. ಆಗ ಕುವೈತಿನಲ್ಲಿ ಸುಮಾರು 1,70,000 ಭಾರತೀಯರಿದ್ದರು. ಮಂಗಳೂರು, ಉಡುಪಿ, ಭಟ್ಕಳ ಕಡೆಯವರೂ ಅವರಲ್ಲಿ ಸೇರಿದ್ದರು. ಏರ್ ಇಂಡಿಯಾ 59 ದಿನಗಳಲ್ಲಿ 488 ಬಾರಿ ಹಾರಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಅಮ್ಮಾನ್‌ನಿಂದ ಬೊಂಬಾಯಿಗೆ ತಲುಪಿಸಿದ್ದು ದಾಖಲೆಯಾಗಿ ಉಳಿದಿದೆ. 2016ರಲ್ಲಿ ಹಿಂದಿ ಸಿನಿಮಾವೂ ಬಂತು. ಅದನ್ನು ನೋಡಿದ ನಮ್ಮ ಮಕ್ಕಳು, "ನೀವೂ ಹೀಗೇ ಬಂದದ್ದಾ?" ಎಂದು ಕೇಳಿದರು. ಹೀಗೆ ಅಲ್ಲ. ನಮ್ಮ ದಾರಿಯಲ್ಲಿ ನಾಯಕನೊಬ್ಬ ಇರಲಿಲ್ಲ. ಉಮ್ಮ ಇದ್ದರು, ಎರಡು ಸೂಟ್‌ಕೇಸ್ ಇತ್ತು, ನೀರಿನ ಕ್ಯಾನ್ ಇತ್ತು.

ದೊಡ್ಡವರಿಗೆ ಮೊದಲು ತಟ್ಟಿದ್ದು ಹಣದ ಪೆಟ್ಟು. ಒಂದು ಕುವೈತಿ ದಿನಾರಿಗೆ ಆಗ ಸುಮಾರು 60 ರೂಪಾಯಿ. ಇರಾಕಿ ದಿನಾರಿಗೂ ಅದಕ್ಕೂ ಒಂದೇ ಬೆಲೆ ಎಂದು ಬಂದವರು ಘೋಷಿಸಿದರು. ಉಪ್ಪ ಹನ್ನೆರಡು ವರ್ಷ ದುಡಿದು ಕೂಡಿಟ್ಟದ್ದು ಬ್ಯಾಂಕಿನಲ್ಲೇ ಸಿಕ್ಕಿಕೊಂಡಿತು. ಅವರು ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಏನೂ ಬರೆಯದೆ ಕುಳಿತಿರುತ್ತಿದ್ದುದು ನಮಗೆ ಕಂಡಿದೆ. ಅದರ ಅರ್ಥ ತಿಳಿಯಲು ಬಹಳ ವರ್ಷ ಬೇಕಾಯಿತು.

ನಮಗೆ ನೆನಪಿರುವುದು ಬೇರೆ. ಖುಬ್ಬೂಸಿನ ಅಂಗಡಿಯ ಮುಂದೆ ಫಜ್ರ್ ಆದ ಕೂಡಲೇ ಬೆಳೆಯುತ್ತಿದ್ದ ಸಾಲು. ಎದುರು ಮನೆಯ ಫೆಲೆಸ್ತೀನಿ ಕುಟುಂಬ. ಅವರ ಮಗಳು ನಡುವಿನವಳ ವಯಸ್ಸಿನವಳೇ. ಅವಳಿಗೆ ನಮ್ಮ ಭಾಷೆ ಬಾರದು, ನಮಗೆ ಅರಬಿ ಅಷ್ಟಕ್ಕಷ್ಟೆ, ಆದರೂ ಮೆಟ್ಟಿಲ ಮೇಲೆ ಕೂತು ಇಡೀ ಮಧ್ಯಾಹ್ನ ಆಡುತ್ತಿದ್ದೆವು. ಅವಳ ತಾಯಿಗೆ ಹಿಟ್ಟು ಸಿಕ್ಕಿದ ದಿನ ನಮ್ಮ ಮನೆಗೂ ರೊಟ್ಟಿ ಬರುತ್ತಿತ್ತು. ಉಮ್ಮ ಆ ತಟ್ಟೆಯನ್ನು ಖಾಲಿ ಹಿಂತಿರುಗಿಸಿದ್ದಿಲ್ಲ. ಕೊನೆಗೆ ಕೊಡಲು ಏನೂ ಇಲ್ಲದಾಗ ಊರಿನಿಂದ ತಂದಿಟ್ಟಿದ್ದ ಕರಿಮೆಣಸನ್ನೇ ಹಾಕಿ ಕೊಟ್ಟರು.

ಸೆಪ್ಟೆಂಬರ್‌ನಲ್ಲಿ ಹೊರಟೆವು. ಬಸ್ಸಿನಲ್ಲಿ ಬಸ್ರಾ, ಅಲ್ಲಿಂದ ಬಗ್ದಾದ್, ಮತ್ತೆ ಮರುಭೂಮಿ ದಾಟಿ ಜೋರ್ಡಾನ್ ಗಡಿ. ಆಗ ಮಕ್ಕಳ ಹೆಸರನ್ನು ತಾಯಿಯ ಪಾಸ್‌ಪೋರ್ಟಿನಲ್ಲೇ ಸೇರಿಸುವ ಕ್ರಮವಿತ್ತು. ಹಾಗಾಗಿ ನಾವು ಮೂವರೂ ಉಮ್ಮನ ಪಾಸ್‌ಪೋರ್ಟಿನ ಒಂದೇ ಪುಟದಲ್ಲಿದ್ದೆವು. ಜನಸಂದಣಿಯಲ್ಲಿ ಆ ಪುಸ್ತಕ ಕಳೆದರೆ ನಾಲ್ವರೂ ಕಳೆದಂತೆ ಎಂದು ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಉಪ್ಪ ನಮ್ಮ ಜೊತೆ ಇರಲಿಲ್ಲ. ಅವರ ಪಾಸ್‌ಪೋರ್ಟ್ ಕೆಲಸ ಕೊಟ್ಟವರ ಕೈಯಲ್ಲಿತ್ತು. ಅದು ಸಿಕ್ಕಿ ಅವರು ಊರು ಸೇರಿದ್ದು ಮೂರು ವಾರದ ಮೇಲೆ.

ಗಡಿಯಾಚೆ ರುವೈಶಿದ್ ಬಳಿಯ ಡೇರೆಗಳಲ್ಲಿ ಎಷ್ಟು ದಿನ ಇದ್ದೆವು ಎಂಬುದರಲ್ಲಿ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ದೊಡ್ಡವನು ಐದು ಎನ್ನುತ್ತಾನೆ, ಉಮ್ಮ ಒಂಬತ್ತು ಎನ್ನುತ್ತಾರೆ. ಹಳೆಯ ಪಾಸ್‌ಪೋರ್ಟನ್ನು ಹೊರತೆಗೆದು ಮುದ್ರೆಗಳನ್ನು ನೋಡಿದೆವು: ಆರು ದಿನ. ಉಮ್ಮ ಒಪ್ಪಲಿಲ್ಲ. ಮೂರು ಮಕ್ಕಳನ್ನು ಕಾಯುತ್ತಾ ಎಚ್ಚರವಿದ್ದವರ ಲೆಕ್ಕ ಬೇರೆಯೇ ಇರಬಹುದು.

ಹಗಲು ಉರಿ, ರಾತ್ರಿ ಮೈ ನಡುಗಿಸುವ ಚಳಿ. ನೀರು ಟ್ಯಾಂಕರಿನಲ್ಲಿ ಬರಬೇಕು. ದೊಡ್ಡವನು ಒಮ್ಮೆ ವುಝೂ ಮಾಡಲೆಂದು ಕ್ಯಾನ್ ಬಗ್ಗಿಸಿದಾಗ ಉಮ್ಮ ಅವನ ಕೈ ಹಿಡಿದರು. "ಅದು ತಮ್ಮನಿಗೆ ಕುಡಿಯಲು. ನೀನು ಮಣ್ಣು ಮುಟ್ಟು ಮೋನೆ" ಎಂದರು. ಮದ್ರಸದಲ್ಲಿ ಬಾಯಿಪಾಠ ಮಾಡಿದ್ದ ತಯಮ್ಮುಮನ್ನು ನಾವು ಮೊದಲ ಸಲ ಮಾಡಿದ್ದು ಅಲ್ಲಿ. ಪಕ್ಕದಲ್ಲಿ ಬಂಗಾಳಿಗಳು, ಈಜಿಪ್ಟಿನವರು, ಶ್ರೀಲಂಕಾದ ಹೆಂಗಸರು. ಎಲ್ಲರ ಮುಖಕ್ಕೂ ಅದೇ ಧೂಳು.

ಅಮ್ಮಾನ್‌ನಿಂದ ಬೊಂಬಾಯಿಗೆ ಬಂದ ಹಾರಾಟದ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಮೂವರೂ ನಿದ್ದೆ ಹೋಗಿದ್ದೆವು. ಕೊಂಕಣ ರೈಲು ಇನ್ನೂ ಇಲ್ಲದ ಕಾಲ, ಮಂಗಳೂರಿಗೆ ಬಸ್ಸಿನಲ್ಲೇ ಬಂದೆವು.

ಊರಿನಲ್ಲಿ ನಮ್ಮ ಹೊಸ ಮನೆ ಗೋಡೆ ಎದ್ದು ಮಾಡಿಲ್ಲದೆ ನಿಂತಿತ್ತು. ಅಜ್ಜಿಯ ಮನೆಯಲ್ಲಿ ಉಳಿದೆವು. ವರ್ಷದ ನಡುವೆ ಶಾಲೆಗೆ ಸೇರಿಸಿದರು. ಮಾತು ಬರುತ್ತಿತ್ತು, ಕನ್ನಡ ಅಕ್ಷರ ಬರುತ್ತಿರಲಿಲ್ಲ. 11 ವರ್ಷದವನು ಒಂದನೇ ತರಗತಿಯ ಮಕ್ಕಳ ಜೊತೆ ಕಾಗುಣಿತ ತಿದ್ದಿದ. ಗಲ್ಫಿನ ಮಕ್ಕಳು ಎಂದು ನಿನ್ನೆಯವರೆಗೆ ಚಾಕಲೇಟ್ ಕೇಳುತ್ತಿದ್ದವರೇ ಈಗ ಕನಿಕರದಿಂದ ನೋಡುತ್ತಿದ್ದರು. ಆ ಕನಿಕರ ಉಪ್ಪನಿಗೆ ಹಿಡಿಸಲಿಲ್ಲ, ಅವರು ಕೆಲವು ತಿಂಗಳು ಜುಮಾ ಮುಗಿದೊಡನೆ ಯಾರ ಜೊತೆಯೂ ನಿಲ್ಲದೆ ಮನೆಗೆ ಬಂದುಬಿಡುತ್ತಿದ್ದರು.

ಯುದ್ಧದ ನಂತರ ವಿಶ್ವಸಂಸ್ಥೆ ಪರಿಹಾರ ಆಯೋಗ ರಚಿಸಿತು. ಇರಾಕಿನ ತೈಲದ ಆದಾಯದಿಂದ ಹಣ. ದೇಶ ಬಿಟ್ಟು ಬರಬೇಕಾಯಿತೆಂಬ ಕಾರಣಕ್ಕೆ ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000. ಬೇರೆ ನಷ್ಟ ಕೇಳುವುದಿಲ್ಲವೆಂದರೆ 4,000 ಮತ್ತು 8,000. ಹಣ ಕಂತುಗಳಲ್ಲಿ ಬಂತು, ಬರುವಾಗ ದೊಡ್ಡವನಿಗೆ ಮೀಸೆ ಬಂದಿತ್ತು. ಆ ಹಣದಲ್ಲಿ ಮನೆಗೆ ಮಾಡಾಯಿತು. ಅದನ್ನು ನಾವು ಸಣ್ಣದೆಂದು ಹೇಳುವುದಿಲ್ಲ.

ಆದರೆ ಎದುರು ಮನೆಯವರ ವಿಷಯ ಬಂದಾಗ ನಮ್ಮ ಕಷ್ಟ ಹಗುರವಾಗುತ್ತದೆ. ಆಕ್ರಮಣಕ್ಕೆ ಮೊದಲು ಕುವೈತಿನಲ್ಲಿ ಸುಮಾರು 4 ಲಕ್ಷ ಫೆಲೆಸ್ತೀನಿಯರಿದ್ದರು. ಅವರ ನಾಯಕರು ಸದ್ದಾಮನ ಕಡೆ ವಾಲಿದ್ದರೆಂಬ ಸಿಟ್ಟಿಗೆ, 1991ರ ಫೆಬ್ರವರಿಯಲ್ಲಿ ಕುವೈತ್ ಬಿಡುಗಡೆಯಾದ ಮೇಲೆ, ಆಕ್ರಮಣದ ದಿನಗಳಲ್ಲಿ ಅಲ್ಲೇ ಉಳಿದಿದ್ದ ಸಾಮಾನ್ಯರೂ ಬೆಲೆ ತೆರಬೇಕಾಯಿತು. ಹೆಚ್ಚಿನವರು ದೇಶ ಬಿಟ್ಟರು. ಅವರಿಗೆ ಅಮ್ಮಾನ್‌ನಲ್ಲಿ ವಿಮಾನ ಕಾದಿರಲಿಲ್ಲ, ಮಾಡಿಲ್ಲದ ಮನೆಯೂ ಇರಲಿಲ್ಲ.

1992ರಲ್ಲಿ ಉಪ್ಪ ಮತ್ತೆ ಕುವೈತಿಗೆ ಹೋದರು. ಮೊದಲ ರಜೆಯ ದಿನವೇ ಸಾಲ್ಮಿಯಾದ ಆ ಮೂರನೇ ಮಹಡಿಗೆ ಹತ್ತಿ ಎದುರಿನ ಬಾಗಿಲು ಬಡಿದರಂತೆ. ತೆರೆದವರು ಬೇರೆ ಯಾರೋ. ಉಮ್ಮ ಇಂದಿಗೂ ಮಗ್ರಿಬ್ ನಂತರದ ದುಆದಲ್ಲಿ ನಮ್ಮ ಮೂವರ ಹೆಸರಿನ ಹಿಂದೆ ಆ ಹುಡುಗಿಯ ಹೆಸರನ್ನೂ ಹೇಳುತ್ತಾರೆ.