ಸಂಬಳವಿಲ್ಲದ ಆಟ, ಹರಿದ ಮೊಣಕಾಲು

ಹರ್ಲಿಂಗ್ ಗೊತ್ತಾ? ಐರ್ಲೆಂಡಿನ ಹಳೇ ಆಟ. ಕೈಯಲ್ಲಿ ಮರದ ಕೋಲು, ತಂಡಕ್ಕೆ 15 ಜನ. ಕಾಮರ್ಸ್ ಓದಿದ ನಾನು ಮೊದಲು ಹುಡುಕಿದ್ದು ಸಂಬಳದ ಲೆಕ್ಕ. ಸಂಬಳವೇ ಇಲ್ಲ! ಕಿಲ್ಕೆನ್ನಿ ಕೌಂಟಿಯ ಹೆನ್ರಿ ಶೆಫ್ಲಿನ್ ಬ್ಯಾಂಕ್ ಕೆಲಸ ಮಾಡ್ತಾನೇ ಆಡಿದವರು.

2010. ಸತತ ನಾಲ್ಕು ವರ್ಷ ಆಲ್ ಐರ್ಲೆಂಡ್ ಕಪ್ ಗೆದ್ದಿದ್ದ ಕಿಲ್ಕೆನ್ನಿಗೆ ಐದನೆಯದೂ ಬೇಕಿತ್ತು. ಸೆಮಿಫೈನಲ್‌ನಲ್ಲಿ ಶೆಫ್ಲಿನ್ ಮೊಣಕಾಲಿನ ಲಿಗಮೆಂಟ್ ಹರಿಯಿತು. 2007ರ ಫೈನಲ್‌ನಲ್ಲೂ ಇದೇ ಗತಿಯಾಗಿತ್ತು. ಆದರೂ ಕೆಲವೇ ವಾರಗಳಲ್ಲಿ ಫೈನಲ್‌ಗೆ ಇಳಿದೇಬಿಟ್ಟರು. ಕಾಲು ಗಂಟೆಯೊಳಗೆ ಹೊರಗೆ ಬರಬೇಕಾಯ್ತು, ಟಿಪ್ಪರರಿ ಗೆದ್ದಿತು. ನನ್ನ ಕೇಳಿದ್ರೆ, ಆಡಿಸಿದ್ದೇ ತಪ್ಪು.

ಕಥೆ ಮುಗೀತು ಅಂದ್ಕೊಂಡ್ರಾ? 2012ರಲ್ಲಿ ಮೂರನೇ ಸಲ ವರ್ಷದ ಆಟಗಾರ. 2014ರಲ್ಲಿ ಅದೇ ಟಿಪ್ಪರರಿ ಎದುರು ಫೈನಲ್ ಡ್ರಾ ಆಗಿ ಮತ್ತೆ ಆಡಬೇಕಾಯ್ತು. ಕೊನೇಲಿ ಬದಲಿ ಆಟಗಾರನಾಗಿ ಬಂದ ಶೆಫ್ಲಿನ್‌ಗೆ ಸಿಕ್ಕಿದ್ದು ಹತ್ತನೇ ಪದಕ. 2015ರಲ್ಲಿ ಕಿಲ್ಕೆನ್ನಿ ತಂಡದಿಂದ ನಿವೃತ್ತಿ.