ಕಪಿಲೆಯ ದಡದ ಆನೆಹುಡುಗ

ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಅಗಸ್ತ್ಯೇಶ್ವರನ ಸನ್ನಿಧಿಯ ಮೆಟ್ಟಿಲ ಮೇಲೆ ಕುಳಿತವರಿಗೆ ಎರಡು ನೀರು ಒಂದಾಗುವುದು ಕಾಣುತ್ತದೆ; ಕಪಿಲೆ ಯಾವ ಕಾಡನ್ನು ಹಾದುಬಂದಳೆಂಬುದು ಕಾಣುವುದಿಲ್ಲ. ಹೆಸರಾದ ಅದ್ಭುತರಮ್ಯ ಚಿತ್ರಗಳು ತಯಾರಾದ ತಾಣಗಳನ್ನು ಅರಸಿ ದೇಶಾಂತರ ಹೋಗುವುದು ಈಗ ಒಂದು ಬಗೆಯ ತೀರ್ಥಯಾತ್ರೆಯೇ ಆಗಿದೆ. ಅಂಥ ಯಾತ್ರೆಯನ್ನು ನಮ್ಮ ಸೀಮೆಯಲ್ಲಿ ಕೈಗೊಳ್ಳುವುದಾದರೆ ಈ ನದಿಯನ್ನೇ ಹಿಡಿದು ಮೇಲಕ್ಕೆ ಸಾಗಬೇಕು.

ಮೊದಲ ತಂಗುದಾಣ ನಂಜನಗೂಡು. ಟಿಪ್ಪುವಿನ ಪಟ್ಟದ ಆನೆಯ ಕಣ್ಣುಬೇನೆ ಶ್ರೀಕಂಠೇಶ್ವರನ ಸೇವೆಯಿಂದ ವಾಸಿಯಾಯಿತೆಂದೂ, ಆತ ಸ್ವಾಮಿಯನ್ನು ‘ಹಕೀಮ್ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಐತಿಹ್ಯವಿದೆ. ಆನೆಗೂ ಈ ನದಿಗೂ ಇರುವ ನಂಟು ಹಳೆಯದು. ಮೇಲೆ ಕಾಕನಕೋಟೆಯ ಕಾಡಿನಲ್ಲಿ ಆನೆಹಿಂಡುಗಳನ್ನು ಸುತ್ತುಗಟ್ಟಿ, ಕಪಿಲೆಯ ಹೊಳೆಗಿಳಿಸಿ, ಖೆಡ್ಡಾಕ್ಕೆ ತುಂಬುತ್ತಿದ್ದರು. ಆ ಕಾಡಿನ ಅಂಚಿನ ಕಾರಾಪುರದಲ್ಲಿ 1924ರಲ್ಲಿ ಮಾವುತನೊಬ್ಬನಿಗೆ ಮಗನೊಬ್ಬ ಹುಟ್ಟಿದ. ಅವನೇ ಸಾಬು.

ಕಿಪ್ಲಿಂಗನ ‘ಜಂಗಲ್ ಬುಕ್’ 1894ರದು. ಅದರಲ್ಲಿನ ತೂಮಾಯಿ ಎಂಬ ಮಾವುತನ ಮಗನ ಕಥೆಯನ್ನು ತೆರೆಗೆ ತರಲು ಅಲೆಕ್ಸಾಂಡರ್ ಕೋರ್ಡಾ ಅವರ ಲಂಡನ್ ಫಿಲ್ಮ್ಸ್ ಸಂಸ್ಥೆ ರಾಬರ್ಟ್ ಫ್ಲಾಹರ್ಟಿಯವರನ್ನು ಮೈಸೂರಿಗೆ ಕಳುಹಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಬಿಡಾರಕ್ಕೆ ಚಿತ್ತರಂಜನ ಅರಮನೆ ದೊರೆಯಿತು. ನಾಯಕನ ಪಾತ್ರಕ್ಕೆ ಹುಡುಕುತ್ತಿದ್ದವರ ಕಣ್ಣಿಗೆ ಬಿದ್ದವನು ತಂದೆಯಿಲ್ಲದ ಸಾಬು. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡಿತು. ಅದೇ ವರ್ಷ ವೆನಿಸ್ ಉತ್ಸವದಲ್ಲಿ ಫ್ಲಾಹರ್ಟಿ ಮತ್ತು ಜೋಲ್ಟನ್ ಕೋರ್ಡಾ ಇಬ್ಬರಿಗೂ ನಿರ್ದೇಶನದ ಪ್ರಶಸ್ತಿ ಸಂದಿತು.

ಹುಡುಗ ಮತ್ತೆ ಕಪಿಲೆಯ ದಡದ ಬಾಳಿಗೆ ಮರಳಲಿಲ್ಲ. 1940ರ ‘ಥೀಫ್ ಆಫ್ ಬಾಗ್ದಾದ್’ನಲ್ಲಿ ಅವನು ಸೀಸೆಯ ಭೂತವನ್ನು ಬಿಡಿಸಿದ, ಹಾರುವ ಕಂಬಳಿಯನ್ನೇರಿದ. 1942ರ ‘ಜಂಗಲ್ ಬುಕ್’ನಲ್ಲಿ ಮೌಗ್ಲಿಯಾದ. ಆ ಚಿತ್ರದ ಕಾಡನ್ನು ಕ್ಯಾಲಿಫೋರ್ನಿಯದಲ್ಲಿ ಹೂಡಿದ್ದರು. ನಿಜವಾದ ಕಾಡಿನಿಂದ ಬಂದವನಿಗೆ ಕೃತಕವಾದ ಕಾಡು! ಜಗತ್ತು ಕಂಡ ಈ ಅದ್ಭುತಲೋಕಗಳ ಬೇರು ಕಾಕನಕೋಟೆಯಲ್ಲಿತ್ತೆಂಬುದನ್ನು ಜಗತ್ತು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅಮೆರಿಕದ ಪ್ರಜೆಯಾಗಿ, ಯುದ್ಧವಿಮಾನದಲ್ಲಿ ಬಂದೂಕು ಹಿಡಿದು ಬಂದ ಸಾಬು 1963ರಲ್ಲಿ, 39ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡ.

ಇಂದು ಯಾತ್ರಿಕನಿಗೆ ಕಾಣಸಿಗುವುದೇನು? ಚಿತ್ತರಂಜನ ಅರಮನೆ ಮುಂದೆ ಪ್ರೀಮಿಯರ್ ಸ್ಟುಡಿಯೋದ ಭಾಗವಾಯಿತು, ಆಮೇಲೆ ಹೋಟೆಲಾಯಿತು. ಬೀಚನಹಳ್ಳಿಯಲ್ಲಿ 1974ರಲ್ಲಿ ಅಣೆಕಟ್ಟು ಮುಗಿದಾಗ ಕಾಕನಕೋಟೆಯ ಕಾಡಿನ ದೊಡ್ಡ ಭಾಗ, ಹಲವು ಹಳ್ಳಿಗಳು ನೀರಿನಡಿಯಾದವು. ಖೆಡ್ಡಾ ಅದಕ್ಕೂ ಮೊದಲೇ, 1971ರಲ್ಲಿ, ಕೊನೆಯ ಸಲ ನಡೆದಿತ್ತು. ಅದು ನಿಂತುದಕ್ಕೆ ದುಃಖಿಸಬೇಕಾದ್ದಿಲ್ಲ. ಆ ಸಂಭ್ರಮದ ಹಿಂದೆ ಆನೆಗಳ ಅಪಾರ ಯಾತನೆಯಿತ್ತು. ಆದರೆ ಕಟ್ಟೆ ಕಟ್ಟುವ ಮೊದಲು ಆ ಕಾಡು ಹೇಗಿತ್ತೆಂಬುದಕ್ಕೆ, ಅಲ್ಲಿ ಬದುಕಿದ್ದವರ ನೆನಪನ್ನು ಬಿಟ್ಟರೆ, ಪರದೇಶದವರು ತೆಗೆದ ಈ ಚಿತ್ರವೂ ಒಂದು ಸಾಕ್ಷಿ. ಕಥೆಯೆಂದು ತೆಗೆದದ್ದು ಚರಿತ್ರೆಯಾಗಿ ಉಳಿದಿದೆ.

ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ದಡದಲ್ಲಿ ಹಸಿರು ಚಿಗುರುತ್ತದೆ. ಅದನ್ನು ಮೇಯಲು ನೂರಾರು ಆನೆಗಳು ಇಂದಿಗೂ ಬರುತ್ತವೆ. ಅವನ್ನು ಅಟ್ಟುವ ತಮಟೆಯಿಲ್ಲ, ಕಾದಿರುವ ಬೇಲಿಯಿಲ್ಲ. ಕಟ್ಟೆಯಿಂದ ಹೊರಟ ನೀರು ನಂಜನಗೂಡಿನ ಸ್ನಾನಘಟ್ಟವನ್ನು ಮುಟ್ಟಿ, ತಿರುಮಕೂಡಲಿನ ಸಂಗಮಕ್ಕೆ ಇಳಿಯುತ್ತದೆ. ಮುಂದಿನ ಸಲ ಅಲ್ಲಿ ಮುಳುಗು ಹಾಕುವವರು, ಆ ನೀರು ಹಾದುಬಂದ ಊರನ್ನೂ ಅಲ್ಲಿಂದ ಹೊರಟ ಹುಡುಗನನ್ನೂ ಒಮ್ಮೆ ನೆನೆಯಲಿ.